ಐನೂರ ಇಪ್ಪತ್ಮೂರು

ಇಪ್ಪತ್ತು ಮೀಟರಿನ ಮ್ಯಾಲೊಂದು ಗೇಣು, ತಾಮ್ರದ ತಂತಿ, ಉದ್ರಿ.
ಮೋನಪ್ಪ ಪತ್ತಾರರ ಹೆಸರಿನ ಮುಂದ ಬರಕೊಂಡು
ಅಂಗಡಿ ಶಟರ್ ಎಳದು ಅವರ ಹಿಂದs ಹೊಂಟೆ.
ರೊಕ್ಕದ ಸಲುವಾಗಿ ಅಲ್ಲ. ಖರೇ ಹೇಳಬೇಕಂದ್ರ
ಇಷ್ಟು ತಂತಿ ತಗೊಂಡು ಮನಶಾ ಏನು ಮಾಡ್ತಾನ, ನೋಡೂಣಂತ.

ಮೊದಲು ನವನಗರದಾಗ ಅವರ ಮನಿ ಮ್ಯಾಲ.
ನೀರಿನ ಟಾಕಿಗೊಂದು ತುದಿ,
ಅರಬಿ ಒಣಹಾಕೋ ಗೂಟಕ್ಕ ಇನ್ನೊಂದು.
ಕಿವಿಗೆ ಹಚ್ಚಿದ್ರ ಚುರಮುರಿ ಭಟ್ಟಿ:
ಕೆಳಗಿನವರ ಇನ್ವರ್ಟರು, ಎದುರಿನ ಹಿಟ್ಟಿನ ಗಿರಣಿ,
ಯಾರದೋ ಟ್ಯೂಬ್‌ಲೈಟಿನ ಸಾಯಲೊಲ್ಲದ ಚೋಕು.
‘ಇದು ಜಗತ್ತಿನ ದನಿ ಅಲ್ಲ,’ ಅಂದ್ರು,
‘ಓಣಿ ಹೊಟ್ಟಿ ಗುರುಗುಡೋದು.’

ಬಂಗಾರದ ಕೆಲಸದವರು.
ಗುಲಗಂಜಿಯಷ್ಟು ಕಸರು ಉಳಿದ್ರೂ
ಮತ್ತ ಕರಗಿಸೋ ಕೈ.
ಬಾಲವಾಡಿ ಹುಡುಗನ ಕೈ ಹಿಡಿದಂಗ ತಂತಿ ಹಿಡಕೊಂಡು
ಊರೆಲ್ಲ ಅಡ್ಡಾಡಿದ್ರು, ನಾನು ಏಣಿ ಹೊತಗೊಂಡು.

ವಿದ್ಯಾಗಿರಿ ದಿಬ್ಬ ಚಲೋ ಇತ್ತು.
ಆದ್ರ ಮೊಬೈಲ್ ಟವರು ಮೊದಲs ಬಂದು ನಿಂತಿತ್ತು,
ಬಸ್ಸಿನ ಸೀಟಿಗೆ ಟಾವೆಲ್ ಒಗದವರಂಗ.
ಕಲ್ಲಿನ ಖಣಿ ಕಡೆ ಹೋದ್ವಿ, ಗಾಳಿಗೆ ಹಗ್ಗ ಹರೀತು.
ಸಿಮೆಂಟ್ ಗೋಡೌನಿನ ತಗಡಿನ ಮ್ಯಾಲ
ವಾಚಮನ್ ‘ಪರ್ಮಿಷನ್ ಎಲ್ಲೈತಿ’ ಅಂದ.
ಪತ್ತಾರರು ಲೈಸೆನ್ಸ್ ತೆಗೆದು ತೋರಿಸಿದ್ರು.
ಅವ ಓದಿದ, ತಲಿ ಮ್ಯಾಲ ನೋಡಿದ,
‘ಆಕಾಶಕ್ಕ ಕೊಟ್ಟಾರ, ತಗಡಿಗೆ ಕೊಟ್ಟಿಲ್ಲ,’ ಅಂದ.

ಎತ್ತರ ಇದ್ರ ಸಾಕಂತ ನಾ ತಿಳಿದಿದ್ದೆ.
‘ಎತ್ತರ ಅರ್ಧ ಮಾತು,’ ಅಂದ್ರು ಚಾ ಊದಕೋತ.
‘ನೆಲ ಹಸಿ ಇರಬೇಕು.
ಸುತ್ತ ಮನಿ ಇರಬಾರದು, ಕರೆಂಟ್ ಇರಬಾರದು.’
ಹಂಗಾದ್ರ... ಅಂತ ಬಾಯಿ ತೆಗೆದೆ.
ಮುಚ್ಚಿದೆ.
ಬಾಗಲಕೋಟಿಯಾಗ ಅಂಥಾ ಜಾಗ ಯಾವುದಂತ
ಯಾರಿಗೂ ಹೇಳಿಕೊಡಬೇಕಿಲ್ಲ.

ಮಾರ್ಚ್ ಮುಗಿಯೂ ಹೊತ್ತು. ಹಿನ್ನೀರು ಹಿಂದ ಸರಿದಿತ್ತು.
ಐನೂರ ಇಪ್ಪತ್ಮೂರು ಅಂತ ಕೆತ್ತಿದ ಕಲ್ಲು ದಾಟಿ
ಇಳಕಲು ಹಿಡಿದು ಸ್ಕೂಟರು ದೂಡಿದ್ವಿ.
ಒಣಗಿ ನಿಂತ ಬೇವಿನ ಬೊಡ್ಡಿಗೊಂದು ಬಿದಿರು ಕಟ್ಟಿ
ಇನ್ನೊಂದನ್ನ ಒಂದು ಗ್ವಾಡಿಗೆ ಕಟ್ಟಿದ್ವಿ.
ಬಾಗಿಲ ತೊಲಿ ಕಿಡಕಿ ಎಲ್ಲ ಬಿಚ್ಚಿಕೊಂಡು ಹೋದಮ್ಯಾಗ
ಒಯ್ಯಾಕ ಬರಲಾರದ್ದಕ್ಕ ಉಳಿದ ಗ್ವಾಡಿ.

ಅರ್ಥಿಂಗಿನ ಪೈಪು ನಾನs ಬಡಿದೆ.
ಮೂರನೇ ಏಟಿಗೆ ಠಣ್ ಅಂತು.
‘ಒಂದು ಗೇಣು ಸರಸ್ರಿ,’ ಅಂದ್ರು ತಿರುಗಿ ನೋಡದs,
‘ಅದು ಕಟ್ಟಿ.’
ಯಾರ ಮನಿ ಕಟ್ಟಿ ಅಂತ ನಾ ಕೇಳಲಿಲ್ಲ.
ಸರಿಸಿ ಹೊಡದ್ರ, ಬೆಣ್ಣಿಯಾಗ ಕಡ್ಡಿ ಇಳಿದಂಗ ಇಳೀತು.

ಸೆಟ್ಟು ಹಚ್ಚಿದ್ರು.
ಏನೂ ಇಲ್ಲ.
ಕೆಟ್ಟೈತೇನ್ರಿ ಅಂದೆ.
ಕೈ ಎತ್ತಿ ನನ್ನ ಸುಮ್ಮನಿರಿಸಿದ್ರು.
ಹದಿನೈದು ದಿನ ಹುಡುಕಿದ್ದು ಇದನ್ನs ಅಂತ
ಆಗ ತಿಳೀತು: ಈ ಏನೂ ಇಲ್ಲದ್ದನ್ನ.
ಅದರೊಳಗಿಂದ, ಎಳಿ ಜಗ್ಗಿದಂಗ ಸಣ್ಣಗ, ಒಬ್ಬ ಗಂಡಸು
ಮಸ್ಕತ್ತಿನಿಂದ ತನ್ನ ಹೆಸರು ಬಿಡಿ ಬಿಡಿ ಅಕ್ಷರದಾಗ ಹೇಳಾಕ್ಹತ್ತಿದ್ದ.

ಊರು ಕೇಳಿದ. ಹೇಳಿದ್ರು.
ದನಿ ಭಾಳ ಸ್ವಚ್ಛ ಐತಿ, ನಿಮ್ಮ ಆಂಟೆನಾ
ಎಷ್ಟು ಎತ್ತರದಾಗ ಐತಿ ಅಂದ.
ಪತ್ತಾರರು ಬಿದಿರಿನ ಕಡೆ ನೋಡಲಿಲ್ಲ,
ಕಲ್ಲಿನ ಕಡೆ ನೋಡಿದ್ರು.
‘ಐನೂರ ಇಪ್ಪತ್ಮೂರರ ಕೆಳಗ.’
ಇಂಗ್ಲಿಷಿನಾಗs ಅಂದ್ರು; ನನಗ ಮಾತ್ರ
ನಮ್ಮವ್ವನ ಭಾಷಾದಾಗ ಕೇಳಿಸ್ತು.
‘ತಿಳೀಲಿಲ್ಲ, ಇನ್ನೊಮ್ಮೆ,’ ಅಂದ.
ಇನ್ನೊಮ್ಮೆ ಅಂದ್ರು.
ಬರಕೊಂಡೆ ಅಂದ. ಏನು ಬರಕೊಂಡನೊ.

ಕತ್ತಲಾಗೂದಕ್ಕ ಬಿದಿರು ಕಿತ್ತು ಸ್ಕೂಟರಿಗೆ ಕಟ್ಟಿದ್ವಿ.
ಪೈಪು ಬರಲಿಲ್ಲ. ಇರಲಿ ಬಿಡ್ರಿ ಅಂದ್ರು.
ತಂತಿ ಸುತ್ತಿ ಸಿಂಬಿ ಮಾಡಿ, ಮಣ್ಣು ಒರಸಿ,
‘ಉದ್ರಿ ಹಂಗs ಇರಲಿ,’ ಅಂದ್ರು,
‘ಮುಂದಿನ ಬ್ಯಾಸಗಿ ಮಟ.’